ಕಲ್ಲಾದ ಮರಕ್ಕೆ ಹೆಸರಿಡುವುದು ಯಾಕಿಷ್ಟು ಕಷ್ಟ?

ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನ ಇದೆ. ಬಯಲಿನ ತುಂಬ ಕಲ್ಲಾದ ದಿಮ್ಮಿಗಳು ಉರುಳಿ ಬಿದ್ದಿವೆ. ಕೆಲವು ಕೆಂಪು, ಕೆಲವು ಹಳದಿ, ಕೆಲವಕ್ಕೆ ನೇರಳೆ ಛಾಯೆ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಕಾಲದ ಕೊನೆಯಲ್ಲಿ ನದಿಗಳು ಹೊತ್ತು ತಂದು ಹೂಳಿದ ಮರಗಳಿವು. 1889ರಲ್ಲಿ ಫ್ರಾಂಕ್ ನೋಲ್ಟನ್ ಎಂಬ ಸಸ್ಯವಿಜ್ಞಾನಿ ಇವುಗಳ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 'ಅರಾಕೇರಿಯೋಕ್ಸಿಲಾನ್ ಅರಿಜೋನಿಕಮ್' ಎಂದು ಹೆಸರಿಟ್ಟರು. ಆಮೇಲೆ ಆ ಉದ್ಯಾನದ ಹೆಚ್ಚುಕಮ್ಮಿ ಎಲ್ಲ ದೊಡ್ಡ ದಿಮ್ಮಿಗಳಿಗೂ ಅದೇ ಹೆಸರು ಅಂಟಿಕೊಂಡಿತು. 1988ರಲ್ಲಿ ಅದು ಅರಿಜೋನಾದ ಅಧಿಕೃತ ರಾಜ್ಯ ಪಳೆಯುಳಿಕೆಯೂ ಆಯಿತು.

2007ರಲ್ಲಿ ರಾಡ್ನಿ ಸ್ಯಾವಿಜ್ ಎಂಬ ಸಂಶೋಧಕರು ನೋಲ್ಟನ್ ನೋಡಿದ್ದ ಮೂಲ ಮಾದರಿಗಳನ್ನೇ ಮತ್ತೆ ತೆಗೆದು ನೋಡಿದರು. ಒಂದೇ ಜಾತಿ ಅಂತ ಒಟ್ಟಿಗೆ ಇಟ್ಟಿದ್ದ ಆ ಮಾದರಿಗಳೇ ಒಂದು ಬಗೆಯವಲ್ಲ ಎಂಬುದು ಅವರ ತೀರ್ಮಾನ. ಅವರು ಅದನ್ನು ಮೂರು ಜಾತಿಗಳಾಗಿ ಒಡೆದು, ಹೊಸ ಹೆಸರುಗಳನ್ನೂ ಕೊಟ್ಟರು. ನೂರು ವರ್ಷಕ್ಕೂ ಜಾಸ್ತಿ ಕಾಲ ಬೋರ್ಡುಗಳ ಮೇಲೆ ಇದ್ದ ಹೆಸರೇ ಹೀಗೆ ಅಲುಗಾಡಿತು ಅಂದಮೇಲೆ, ಉಳಿದ ಹೆಸರುಗಳ ಕಥೆ ಏನು ಅಂತ ಕೇಳಬೇಕಲ್ವಾ?

ಕೇಳಲೇಬೇಕು. ನನ್ನ ಮಟ್ಟಿಗೆ ಉತ್ತರ ಇಷ್ಟು: ಕಲ್ಲಾದ ಮರಗಳಲ್ಲಿ ಎರಡು ಜಾತಿಗಳ ನಡುವೆ ಇದೆ ಅನ್ನುವ ವ್ಯತ್ಯಾಸಕ್ಕಿಂತ, ಎಷ್ಟೋ ಸಲ, ಒಂದೇ ಮರದ ಒಳಗಿನ ವ್ಯತ್ಯಾಸವೇ ದೊಡ್ಡದು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಟ್ಟ ಹೆಸರುಗಳು ಬಹಳ ಇವೆ.

ಕೋನಿಫರ್ ಅಲ್ಲ, ಕೋನಿಫರ್‌ನಂಥದು

ಪೈನ್, ದೇವದಾರು, ಸೈಪ್ರೆಸ್, ಅರಾಕೇರಿಯಾ ಇವೆಲ್ಲ ಕೋನಿಫರ್‌ಗಳು. ಇವುಗಳ ಕಟ್ಟಿಗೆ ಬಹಳ ಸರಳ. ತೇಗದಂಥ ಹೂಬಿಡುವ ಮರದ ಕಟ್ಟಿಗೆಯಲ್ಲಿ ನೀರು ಸಾಗಿಸಲು ಅಗಲವಾದ ನಾಳಗಳಿರುತ್ತವೆ, ಬಲ ಕೊಡಲು ಬೇರೆ ನಾರುಗಳಿರುತ್ತವೆ. ಕೋನಿಫರ್‌ನಲ್ಲಿ ಎರಡೂ ಕೆಲಸಕ್ಕೆ ಒಂದೇ ಬಗೆಯ ಕೋಶ: ಟ್ರಾಕೀಡ್. ಉದ್ದ, ತೆಳು, ಎರಡೂ ತುದಿ ಮುಚ್ಚಿದ ಕೊಳವೆ. ಕಟ್ಟಿಗೆಯ ಶೇಕಡ 90ರಷ್ಟೋ ಇನ್ನೂ ಜಾಸ್ತಿಯೋ ಭಾಗ ಇವೇ. ಇವುಗಳಿಗೆ ಅಡ್ಡಲಾಗಿ, ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ, ಸಣ್ಣ ಕೋಶಗಳ ಸಾಲುಗಳು ಹೋಗುತ್ತವೆ. ಅವಕ್ಕೆ ರೇ ಅನ್ನುತ್ತಾರೆ. ಕೆಲವು ಮರಗಳಲ್ಲಿ ರಾಳದ ನಾಳಗಳಿರುತ್ತವೆ, ಕೆಲವದರಲ್ಲಿ ಟ್ರಾಕೀಡ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಆಹಾರ ಕೂಡಿಡುವ ಕೋಶ. ಮುಗಿಯಿತು. ಗುರುತು ಹಿಡಿಯಲು ಸಿಗುವ ಸಾಮಗ್ರಿ ಇಷ್ಟೇ.

ಇಷ್ಟೇ ಸಾಮಗ್ರಿಯಿಂದ ಕಟ್ಟಿಗೆ ಕಟ್ಟಿಕೊಂಡ ಗಿಡಗಳು ಭೂಮಿಯ ಇತಿಹಾಸದಲ್ಲಿ ಬೇಕಾದಷ್ಟು ಇದ್ದವು. ಟ್ರಯಾಸಿಕ್‌ಗೂ ಬಹಳ ಹಿಂದಿನ ಕಾರ್ಬಾನಿಫೆರಸ್ ಕಾಲದ ಕಾರ್ಡೈಟಿಸ್ ಮರಗಳು, ಅದರ ನಂತರದ ಪರ್ಮಿಯನ್ ಕಾಲದಲ್ಲಿ ಭಾರತದಿಂದ ಅಂಟಾರ್ಕ್ಟಿಕಾ ತನಕ ಹರಡಿದ್ದ ಗ್ಲಾಸಾಪ್ಟೆರಿಸ್ ಮರಗಳು, ಕೆಲವು ಬೀಜದ ಜರೀಗಿಡಗಳು (ಜರೀಗಿಡದಂಥ ಎಲೆಯಿದ್ದೂ ಬೀಜ ಬಿಡುತ್ತಿದ್ದ ಗಿಡಗಳು). ಇವು ಯಾವುವೂ ಕೋನಿಫರ್ ಅಲ್ಲ. ಆದರೆ ಎಲೆ, ಕಾಯಿ, ತೊಗಟೆ ಎಲ್ಲ ಉದುರಿಹೋಗಿ ಬರೀ ಕಟ್ಟಿಗೆಯ ತುಂಡು ಕೈಗೆ ಸಿಕ್ಕರೆ, ಕೋನಿಫರ್ ಅಂತಲೇ ಕಾಣುತ್ತದೆ. ಅದಕ್ಕೇ ತಿಳಿದವರು 'ಕೋನಿಫರ್‌ನಂಥ ಕಟ್ಟಿಗೆ' ಅಂತ ಎಚ್ಚರದಿಂದ ಬರೆಯುತ್ತಾರೆ.

ಕಲ್ಲೊಳಗೆ ಕೋಶ ಉಳಿಯುವುದು ಹೇಗೆ? ಮರ ಕೆಸರಿನಲ್ಲೋ ಜ್ವಾಲಾಮುಖಿ ಬೂದಿಯಲ್ಲೋ ಬೇಗ ಹೂತುಹೋಗಬೇಕು. ಗಾಳಿ ಆಡದಿದ್ದರೆ ಕೊಳೆಯುವುದು ನಿಧಾನ ಆಗುತ್ತದೆ. ಅಷ್ಟರಲ್ಲಿ ಸಿಲಿಕಾ ಕರಗಿದ ನೀರು ಕೋಶಗಳ ಒಳಗೆ, ಗೋಡೆಗಳ ಒಳಗೂ ಇಳಿದು ಗಟ್ಟಿಯಾಗುತ್ತದೆ. ಕೆಲವು ಕಡೆ ಸಿಲಿಕಾ ಬದಲು ಸುಣ್ಣದ ಖನಿಜ. ಚೆನ್ನಾಗಿ ಕಲ್ಲಾದ ಮರದಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ರಚನೆಯೂ ಹಾಗೇ ಉಳಿದಿರುತ್ತದೆ.

ಅದನ್ನು ನೋಡುವ ದಾರಿ ಸಿಕ್ಕಿದ್ದು 19ನೇ ಶತಮಾನದ ಆರಂಭದಲ್ಲಿ, ಎಡಿನ್‌ಬರಾದಲ್ಲಿ. ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ತೂರಿ ಬರುವಷ್ಟು ತೆಳುವಾಗುವ ತನಕ ಉಜ್ಜುವುದು. ಈಗ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ದಪ್ಪಕ್ಕೆ ಇಳಿಸುತ್ತಾರೆ. ವಿಲಿಯಂ ನಿಕೋಲ್ ಈ ಕೆಲಸದಲ್ಲಿ ಪಳಗಿದ ಕೈ. ಹೆನ್ರಿ ವಿಥಮ್ 1831ರಲ್ಲಿ ಇಂಥ ಚೂರುಗಳ ಚಿತ್ರಗಳನ್ನು ಪ್ರಕಟಿಸಿದರು. ಅಲ್ಲೇ ಹತ್ತಿರದ ಕ್ರೇಗ್‌ಲೀತ್ ಕಲ್ಲುಗಣಿಯಲ್ಲಿ ಸಿಕ್ಕ ದೊಡ್ಡ ಕಲ್ಲುಮರವೂ ಆ ಚಿತ್ರಗಳಲ್ಲಿ ಇತ್ತು. ಅದನ್ನು ಮೊದಲು ಪೈನ್ ಬಳಗಕ್ಕೆ ಸೇರಿಸಿದ್ದರು. ಈಗ ಅದು ಪಿಟಸ್, ಬೀಜದ ಜರೀಗಿಡಗಳ ಕಡೆಯದು. ಅಂದರೆ ಈ ವಿದ್ಯೆ ಹುಟ್ಟಿದ ದಿನದಿಂದಲೇ ಗೊಂದಲವೂ ಜೊತೆಗೆ ಬಂತು.

ಏನನ್ನು ನೋಡುತ್ತಾರೆ

ಒಂದು ತುಂಡನ್ನು ಮೂರು ದಿಕ್ಕಿನಲ್ಲಿ ಕೊಯ್ಯಬೇಕು. ಅಡ್ಡಕ್ಕೆ ಕೊಯ್ದರೆ ಬೆಳವಣಿಗೆಯ ಉಂಗುರ, ರಾಳದ ನಾಳ ಕಾಣುತ್ತವೆ. ತಿರುಳಿನಿಂದ ತೊಗಟೆಗೆ ಹೋಗುವ ಗೆರೆಯಲ್ಲಿ ಉದ್ದಕ್ಕೆ ಸೀಳಿದರೆ ಅದು ರೇಡಿಯಲ್ ಸೀಳು. ಉಂಗುರಗಳನ್ನು ಸವರಿಕೊಂಡು ಹೋದ ಹಾಗೆ ಸೀಳಿದರೆ ಟ್ಯಾಂಜೆನ್ಶಿಯಲ್ ಸೀಳು. ಟ್ಯಾಂಜೆನ್ಶಿಯಲ್ ಸೀಳಿನಲ್ಲಿ ರೇಗಳು ಮೊನೆಯ ಕಡೆಯಿಂದ ಕಾಣುವುದರಿಂದ ಒಂದು ರೇ ಎಷ್ಟು ಕೋಶ ಎತ್ತರ ಇದೆ ಅಂತ ಎಣಿಸಬಹುದು.

ಆದರೆ ನಿಜವಾದ ಸರಕು ಇರುವುದು ರೇಡಿಯಲ್ ಸೀಳಿನಲ್ಲಿ. ಅಲ್ಲಿ ಟ್ರಾಕೀಡ್‌ಗಳು ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ನಿಂತಿರುತ್ತವೆ. ಪಟ್ಟಿಯ ಮೇಲೆ ದುಂಡು ದುಂಡಾದ ಗುರುತುಗಳು, ನಡುವೆ ಒಂದು ಸಣ್ಣ ತೂತು. ಇವು ಪಿಟ್‌ಗಳು. ಒಂದು ಕೊಳವೆಯಿಂದ ಪಕ್ಕದ ಕೊಳವೆಗೆ ನೀರು ದಾಟುವ ಕಿಂಡಿಗಳು. ಇವು ಎಷ್ಟಿವೆ ಅನ್ನುವುದಕ್ಕಿಂತ ಹೇಗೆ ಕೂತಿವೆ ಅನ್ನುವುದು ಮುಖ್ಯ.

ಅರಾಕೇರಿಯಾ ಬಗೆಯಲ್ಲಿ ಪಿಟ್‌ಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಒಂದೇ ಸಾಲಿದ್ದರೆ ಮೇಲೆ ಕೆಳಗೆ ಚಪ್ಪಟೆಯಾಗಿರುತ್ತವೆ. ಎರಡು ಮೂರು ಸಾಲಿದ್ದರೆ ಒಂದು ಸಾಲಿನ ಸಂದಿನಲ್ಲಿ ಇನ್ನೊಂದು ಸಾಲಿನದು ಕೂತು, ಒತ್ತಡಕ್ಕೆ ಆರು ಮೂಲೆ ಬಂದು ಜೇನುಗೂಡಿನ ಹಾಗೆ ಕಾಣುತ್ತದೆ. ಪೈನ್ ಬಳಗದ ಬಗೆಯಲ್ಲಿ ಪಿಟ್‌ಗಳು ದುಂಡಗೆ, ಬಿಡಿಬಿಡಿಯಾಗಿ ಇರುತ್ತವೆ. ಎರಡು ಸಾಲಿದ್ದರೆ ಜೋಡಿ ಜೋಡಿಯಾಗಿ ಎದುರುಬದುರು ಕೂರುತ್ತವೆ. ಜುರಾಸಿಕ್ ಕಾಲದ ಎಷ್ಟೋ ಕಟ್ಟಿಗೆಗಳಲ್ಲಿ ಒಂದೇ ಟ್ರಾಕೀಡ್‌ನ ಮೇಲೆ ಎರಡೂ ಬಗೆ ಸಿಗುತ್ತವೆ. ಆಗ 'ಮಿಶ್ರ' ಅನ್ನುತ್ತಾರೆ. ತಲೆನೋವು ಶುರುವಾಗುವುದು ಅಲ್ಲಿಂದಲೇ.

ಇನ್ನೊಂದು ಜಾಗ ಕ್ರಾಸ್‌ಫೀಲ್ಡ್. ನಿಂತ ಟ್ರಾಕೀಡ್‌ನ ಗೋಡೆಗೆ ಅಡ್ಡ ಹೋಗುವ ರೇ ಕೋಶ ತಾಗುತ್ತದಲ್ಲ, ಆ ಸಣ್ಣ ಚೌಕ. ಅದರೊಳಗೂ ಪಿಟ್‌ಗಳಿವೆ. ಅರಾಕೇರಿಯಾದಲ್ಲಿ ಸಣ್ಣವು, ತುಂಬ, ಒತ್ತೊತ್ತಾಗಿ. ಸೈಪ್ರೆಸ್‌ನಲ್ಲಿ ಕೆಲವೇ, ಅಂಚು ದಪ್ಪ, ನಡುವಿನ ತೂತು ಕಿರಿದು. ಕೆಲವು ಪೈನ್‌ಗಳಲ್ಲಿ ಇಡೀ ಚೌಕ ತುಂಬುವ ಒಂದೇ ದೊಡ್ಡ ಕಿಟಕಿ. 1905ರಲ್ಲಿ ವಾಲ್ಟರ್ ಗೋಥನ್ ಎಂಬ ಜರ್ಮನ್ ವಿಜ್ಞಾನಿ ಬದುಕಿರುವ ಮತ್ತು ಕಲ್ಲಾದ ಕಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಈ ಚೌಕದ ಬೆಲೆ ಏನು ಎಂದು ತೋರಿಸಿದರು. ಈಗಲೂ ಕೋನಿಫರ್‌ನಂಥ ಕಟ್ಟಿಗೆಯ ಕುಲ ಗುರುತಿಸುವಾಗ ಮೊದಲು ಹುಡುಕುವುದು ಒಳ್ಳೆಯ ಕ್ರಾಸ್‌ಫೀಲ್ಡ್ ಎಲ್ಲಿ ಉಳಿದಿದೆ ಅಂತಲೇ. ಅದು ಹಾಳಾಗಿದ್ದರೆ ಉಳಿದದ್ದೆಲ್ಲ ಅರ್ಧಂಬರ್ಧ.

ಅದೃಷ್ಟ ಚೆನ್ನಾಗಿದ್ದರೆ ಕೆಲಸ ಸುಲಭ. ಅದೇ ಗೋಥನ್ ಹೆಸರಿಟ್ಟ ಜೆನೋಕ್ಸಿಲಾನ್ ಇದಕ್ಕೆ ಉದಾಹರಣೆ. ಗೋಡೆಯ ಮೇಲೆ ಅಗಲಕ್ಕೆ ಚಪ್ಪಟೆಯಾಗಿ ಒತ್ತಿದ ದೊಡ್ಡ ಪಿಟ್‌ಗಳು, ಜೊತೆಗೆ ಕ್ರಾಸ್‌ಫೀಲ್ಡ್‌ನಲ್ಲಿ ದೊಡ್ಡ ಕಿಟಕಿ. ಈ ಜೋಡಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಎಲ್ಲವೂ ಹೀಗೇ ಇದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಒಂದೇ ಮರ, ಹಲವು ಮುಖ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ದೊಡ್ಡ ಅರಾಕೇರಿಯಾ ಮರ ಇದೆ ಅಂದುಕೊಳ್ಳಿ. ಅದರ ನಾಲ್ಕು ಕಡೆಯಿಂದ ಚಕ್ಕೆ ತೆಗೆಯೋಣ: ಕಾಂಡದಲ್ಲಿ ತಿರುಳಿನ ಪಕ್ಕ, ಕಾಂಡದಲ್ಲೇ ತೊಗಟೆಯ ಹತ್ತಿರ, ಒಂದು ರೆಂಬೆ, ಒಂದು ಬೇರು.

ತಿರುಳಿನ ಪಕ್ಕದ ಚಕ್ಕೆ ಮರ ಎಳೆಯದಾಗಿದ್ದಾಗ ಬೆಳೆದ ಕಟ್ಟಿಗೆ. ಇಲ್ಲಿ ಟ್ರಾಕೀಡ್‌ಗಳು ಗಿಡ್ಡ, ಕಿರಿದು. ಕಾರ್ಲ್ ಸಾನಿಯೋ 1872ರಲ್ಲೇ ಸ್ಕಾಟ್ಸ್ ಪೈನ್ ಮರದಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ತಿರುಳಿನಿಂದ ಹೊರಗೆ ಹೋದ ಹಾಗೆ ಟ್ರಾಕೀಡ್‌ಗಳು ವರ್ಷ ವರ್ಷಕ್ಕೂ ಉದ್ದ ಆಗುತ್ತವೆ, ಹಲವು ಹತ್ತು ವರ್ಷಗಳ ಮೇಲೆ ಒಂದು ಅಳತೆಗೆ ಬಂದು ನಿಲ್ಲುತ್ತವೆ. ಕೋನಿಫರ್‌ಗಳಲ್ಲಿ ಒಳಗೆ ಸುಮಾರು ಒಂದು ಮಿಲಿಮೀಟರ್ ಇದ್ದದ್ದು ಹೊರಗೆ ಮೂರು ನಾಲ್ಕು ಮಿಲಿಮೀಟರ್ ಆಗುವುದು ಸಾಮಾನ್ಯ. ಅಗಲವೂ ಜೊತೆಗೇ ಹೆಚ್ಚುತ್ತದೆ. ಕಾಂಡದ ಎತ್ತರ ಬದಲಾದರೂ ಅಳತೆ ಬದಲಾಗುತ್ತದೆ.

ಅಗಲ ಹೆಚ್ಚಿದರೆ ಏನಾಗುತ್ತದೆ ನೋಡಿ. ಪಿಟ್‌ನ ಗಾತ್ರ ಅಷ್ಟೇನೂ ಬದಲಾಗುವುದಿಲ್ಲ. ಕಿರಿದಾದ ಗೋಡೆಯ ಮೇಲೆ ಒಂದೇ ಸಾಲಿಗೆ ಜಾಗ. ಅಗಲವಾದ ಗೋಡೆಯ ಮೇಲೆ ಎರಡು, ಮೂರು ಸಾಲು ಹಿಡಿಯುತ್ತವೆ. ಹಾಗಾಗಿ ತಿರುಳಿನ ಪಕ್ಕದ ಚಕ್ಕೆಯಲ್ಲಿ 'ಪಿಟ್ ಒಂದೇ ಸಾಲು' ಅಂತ ಬರೆದುಕೊಳ್ಳುತ್ತೀರಿ, ತೊಗಟೆಯ ಹತ್ತಿರದ ಚಕ್ಕೆಯಲ್ಲಿ 'ಎರಡು ಸಾಲು, ಅಲ್ಲಲ್ಲಿ ಮೂರು'. ಹಳೆಯ ವಿವರಣೆಗಳಲ್ಲಿ ಜಾತಿ ಬೇರೆ ಮಾಡಲು ಅತಿ ಹೆಚ್ಚು ಬಳಸಿದ ಗುಣವೇ ಈ ಸಾಲಿನ ಎಣಿಕೆ! ಸಾಲು ಎಣಿಸಿದೆವು ಅಂದುಕೊಂಡವರು ಎಷ್ಟೋ ಸಲ ಅಳೆದದ್ದು ಟ್ರಾಕೀಡ್‌ನ ಅಗಲವನ್ನು. ಆ ಅಗಲ ಹೇಳುವುದೂ ಚೂರು ಮರದ ಯಾವ ಭಾಗದ್ದು ಅನ್ನುವುದನ್ನು.

ರೇಗಳ ಎತ್ತರವೂ ಹೀಗೇ. ತಿರುಳಿನ ಹತ್ತಿರ ಎರಡು ಮೂರು ಕೋಶ ಎತ್ತರದ ಗಿಡ್ಡ ರೇಗಳು ಜಾಸ್ತಿ. ಮರ ದಪ್ಪ ಆದ ಹಾಗೆ ಎತ್ತರದ ರೇಗಳು ಹೆಚ್ಚುತ್ತವೆ. 'ರೇ ಎತ್ತರ 1ರಿಂದ 6 ಕೋಶ' ಎಂಬ ಜಾತಿ, '2ರಿಂದ 20 ಕೋಶ' ಎಂಬ ಇನ್ನೊಂದು ಜಾತಿ, ಇವೆರಡೂ ಒಂದೇ ದಿಮ್ಮಿಯ ಒಳಗೂ ಹೊರಗೂ ಆಗಿರಬಹುದು.

ಬೇರಿನ ಚಕ್ಕೆ ಇನ್ನೂ ಮೋಸ ಮಾಡುತ್ತದೆ. ಬೇರಿಗೆ ಮರದ ಭಾರ ಹೊರುವ ಕೆಲಸ ಕಮ್ಮಿ, ನೀರು ಎಳೆಯುವ ಕೆಲಸ ಜಾಸ್ತಿ. ಟ್ರಾಕೀಡ್‌ಗಳು ಅಗಲ, ಗೋಡೆ ತೆಳು, ಪಿಟ್ ಸಾಲುಗಳು ಹೆಚ್ಚು, ಉಂಗುರದ ಅಂಚು ಮಸುಕು. ಕಾಂಡದ ಚಕ್ಕೆಯ ಪಕ್ಕ ಇಟ್ಟರೆ ಬೇರೆ ಮರದ್ದೇ ಅನ್ನಿಸುತ್ತದೆ. ರೆಂಬೆಯದು ಇದಕ್ಕೆ ಉಲ್ಟಾ. ಉಂಗುರಗಳು ಕಿರಿದು, ಕೋಶಗಳು ಸಣ್ಣವು, ತಿರುಳು ಒಂದು ಪಕ್ಕಕ್ಕೆ ಸರಿದಿರುತ್ತದೆ. ರೆಂಬೆಯ ಕೆಳಮೈಯಲ್ಲಿ, ವಾಲಿದ ಕಾಂಡದ ಕೆಳಮೈಯಲ್ಲೂ, ಮರ ತನ್ನನ್ನು ಮೇಲಕ್ಕೆ ತಳ್ಳಿಕೊಳ್ಳಲು ಬೇರೆಯೇ ಬಗೆಯ ಕಟ್ಟಿಗೆ ಕಟ್ಟುತ್ತದೆ. ಅದನ್ನು ಕಂಪ್ರೆಷನ್ ವುಡ್ ಅನ್ನುತ್ತಾರೆ. ಅದರ ಟ್ರಾಕೀಡ್‌ಗಳು ಅಡ್ಡಛೇದದಲ್ಲಿ ದುಂಡಗೆ, ಗೋಡೆ ದಪ್ಪ, ಕೋಶಗಳ ಮಧ್ಯೆ ಸಣ್ಣ ಖಾಲಿ ಜಾಗ, ಗೋಡೆಯಲ್ಲಿ ಓರೆಯಾದ ಬಿರುಕುಗಳು. ಮಾಮೂಲಿ ಟ್ರಾಕೀಡ್ ಹೀಗಿರುವುದೇ ಇಲ್ಲ.

ಒಂದೇ ಉಂಗುರದ ಒಳಗೂ ನೆಮ್ಮದಿ ಇಲ್ಲ. ಬೆಳೆಯುವ ಕಾಲದ ಶುರುವಿನಲ್ಲಿ ಹುಟ್ಟಿದ ಟ್ರಾಕೀಡ್‌ಗಳು ಅಗಲ, ತೆಳು ಗೋಡೆಯವು. ಕೊನೆಯಲ್ಲಿ ಹುಟ್ಟಿದವು ಕಿರಿದು, ದಪ್ಪ ಗೋಡೆಯವು. ಕೊನೆಯವುಗಳಲ್ಲಿ ಕ್ರಾಸ್‌ಫೀಲ್ಡ್ ಪಿಟ್‌ನ ತೂತು ಸೀಳಿನಷ್ಟು ಕಿರಿದಾಗಿ, ಬಗೆಯೇ ಬದಲಾದಂತೆ ಕಾಣುತ್ತದೆ. ಅದಕ್ಕೇ ಕ್ರಾಸ್‌ಫೀಲ್ಡ್ ನೋಡುವಾಗ ಉಂಗುರದ ಮೊದಲ ಭಾಗದಲ್ಲೇ ನೋಡಬೇಕು ಎಂಬ ನಿಯಮ ಇದೆ. ನಿಯಮ ಇದೆ, ಸರಿ. ಹಳೆಯ ವಿವರಣೆ ಬರೆದವರು ಎಲ್ಲಿ ನೋಡಿದ್ದರೋ, ಎಷ್ಟೋ ಕಡೆ ಬರೆದೇ ಇಲ್ಲ.

ಗಾಯದ ಕಥೆಯೂ ಸೇರಿಸಿಕೊಳ್ಳಿ. ಪೈನ್, ಸ್ಪ್ರೂಸ್, ಲಾರ್ಚ್‌ಗಳಲ್ಲಿ ರಾಳದ ನಾಳಗಳು ಮಾಮೂಲಿ. ಸಿಕ್ವೋಯಾ, ಫರ್ ಮೊದಲಾದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬೆಂಕಿ, ಹಿಮ, ಹುಳ ಏನಾದರೂ ಗಾಯ ಮಾಡಿದರೆ ಅವೂ ನಾಳ ಕಟ್ಟುತ್ತವೆ. ಅಡ್ಡಛೇದದಲ್ಲಿ ಅವು ಉಂಗುರದ ಗುಂಟ ಸಾಲಾಗಿ ನಿಂತಿರುವುದು ಒಂದು ಸುಳಿವು. ದೊಡ್ಡ ತುಂಡು ಇದ್ದರೆ ಈ ಸಾಲು ಗೊತ್ತಾಗುತ್ತದೆ. ಬೆರಳುಗುರಿನಷ್ಟು ಚೂರಿನಲ್ಲಿ ಎರಡೇ ನಾಳ ಕಂಡರೆ ಏನಂತ ಹೇಳುವುದು?

ಸತ್ತ ಮೇಲೂ ಬದಲಾಗುತ್ತದೆ

ಮರ ಬಿದ್ದ ಮೇಲೆ ಶಿಲೀಂಧ್ರ ಹತ್ತುತ್ತದೆ. ಅದು ಟ್ರಾಕೀಡ್ ಗೋಡೆಯನ್ನು ಒಳಗಿಂದ ತಿನ್ನುವಾಗ ಗೋಡೆಯ ನಾರಿನ ದಿಕ್ಕಿನಲ್ಲೇ, ಅಂದರೆ ಸುರುಳಿಯಾಗಿ, ಗೀರುಗಳು ಉಳಿಯಬಹುದು. ಯೂ ಎಂಬ ಕೋನಿಫರ್ ಮರದಲ್ಲಿ ಟ್ರಾಕೀಡ್‌ನ ಒಳಗೋಡೆಗೆ ಹುಟ್ಟಿನಿಂದಲೇ ಸುರುಳಿಯಾದ ಏಣುಗಳಿರುತ್ತವೆ. ಎರಡೂ ಕಲ್ಲಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಕೊಳೆತ ಗೀರನ್ನು ಹುಟ್ಟಿನ ಏಣು ಅಂದುಕೊಂಡರೆ, ಮರ ಸುಮ್ನೆ ಯೂ ಬಳಗಕ್ಕೆ ಸೇರಿಬಿಡುತ್ತದೆ.

ಪಿಟ್‌ನ ಅಂಚು ತೆಳು. ಕೊಳೆಯುವಾಗಲೋ ಖನಿಜ ಹರಳುಗಟ್ಟುವಾಗಲೋ ಅದು ಮೊದಲು ಹೋಗುತ್ತದೆ. ಅಂಚು ಹೋದ ಸಣ್ಣ ಪಿಟ್ ಅಂಚೇ ಇಲ್ಲದ ದೊಡ್ಡ ಕಿಟಕಿಯಂತೆ ಕಾಣುತ್ತದೆ. ಸೈಪ್ರೆಸ್ ಥರದ ಕ್ರಾಸ್‌ಫೀಲ್ಡ್ ಪೈನ್ ಥರದ್ದಾಗಿಬಿಡುತ್ತದೆ. ಮೇಲಿನ ಮಣ್ಣಿನ ಭಾರಕ್ಕೆ ತೆಳು ಗೋಡೆಯ ಕೋಶಗಳು ನಜ್ಜುಗುಜ್ಜಾಗಿ, ಇಲ್ಲದ ಉಂಗುರವೊಂದು ಇದ್ದಂತೆ ಕಾಣುವುದೂ ಇದೆ.

ಕೊಳೆತ ಕಟ್ಟಿಗೆ ಅಂದಾಗ ಪ್ರೋಟೋಟ್ಯಾಕ್ಸೈಟಿಸ್ ಬಿಡುವಂತಿಲ್ಲ. ಕೆನಡಾದ ಜೆ. ಡಬ್ಲ್ಯು. ಡಾಸನ್ 1859ರಲ್ಲಿ ಗಾಸ್ಪೆಯಲ್ಲಿ, ಕಾರ್ಬಾನಿಫೆರಸ್‌ಗೂ ಹಿಂದಿನ ಡಿವೋನಿಯನ್ ಕಾಲದ ಪದರದಲ್ಲಿ ಸಿಕ್ಕ ದಿಮ್ಮಿಯಂಥ ವಸ್ತುವನ್ನು, ಶಿಲೀಂಧ್ರ ಹಿಡಿದು ಕೊಳೆತ ಕೋನಿಫರ್ ಎಂದು ಬಗೆದು, ಯೂ ಮರದ ಪೂರ್ವಜ ಎನ್ನುವ ಅರ್ಥದಲ್ಲಿ ಈ ಹೆಸರಿಟ್ಟರು. 1872ರಲ್ಲಿ ವಿಲಿಯಂ ಕ್ಯಾರುಥರ್ಸ್ ಅದು ಮರವೇ ಅಲ್ಲ, ದೈತ್ಯ ಪಾಚಿ ಅಂದರು. 2001ರಲ್ಲಿ ಫ್ರಾನ್ಸಿಸ್ ಹ್ಯೂಬರ್ ದೈತ್ಯ ಶಿಲೀಂಧ್ರ ಅಂದರು. ಜಗಳ ಇನ್ನೂ ಮುಗಿದಿಲ್ಲ. ಕೋನಿಫರ್ ಅಂತ ಈಗ ಯಾರೂ ಹೇಳುವುದಿಲ್ಲ, ಅಷ್ಟು ಮಾತ್ರ ಖಚಿತ.

ಹೆಸರುಗಳ ಸಂತೆ

ಅರಾಕೇರಿಯಾ ಥರದ ಕಲ್ಲುಕಟ್ಟಿಗೆಗೆ ಮೂರು ಕುಲನಾಮಗಳು ಓಡಾಡುತ್ತವೆ. ಎಂಡ್ಲಿಚರ್ 1847ರಲ್ಲಿ ಕೊಟ್ಟ ಡಾಡೋಕ್ಸಿಲಾನ್, ಹಾರ್ಟಿಗ್ 1848ರಲ್ಲಿ ಕೊಟ್ಟ ಅಗಾಥೋಕ್ಸಿಲಾನ್, ಕ್ರೌಸ್ 1870ರಲ್ಲಿ ಕೊಟ್ಟ ಅರಾಕೇರಿಯೋಕ್ಸಿಲಾನ್. ಬಹಳ ಕಾಲ ಒಂದು ರೂಢಿ ಇತ್ತು: ಕಲ್ಲು ಪರ್ಮಿಯನ್ ಅಥವಾ ಅದಕ್ಕೂ ಹಳೆಯದಾದರೆ ಡಾಡೋಕ್ಸಿಲಾನ್, ಆಮೇಲಿನದಾದರೆ ಅರಾಕೇರಿಯೋಕ್ಸಿಲಾನ್. ಕಟ್ಟಿಗೆ ಅದೇ. ಬಂಡೆಯ ವಯಸ್ಸು ನೋಡಿ ಹೆಸರು! ಒಳರಚನೆ ನೋಡಿ ಗುರುತಿಸುತ್ತೇವೆ ಎನ್ನುವ ವಿದ್ಯೆಯಲ್ಲಿ ಇದಕ್ಕಿಂತ ವಿಚಿತ್ರ ರೂಢಿ ನನಗಂತೂ ಕಂಡಿಲ್ಲ. ಯಾವ ಹೆಸರು ಬಳಸಬೇಕು ಅಂತ ಕೊನೆಗೆ ಸಂಶೋಧಕರೇ ತಮ್ಮತಮ್ಮಲ್ಲಿ ಅಭಿಪ್ರಾಯ ಸಂಗ್ರಹಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಈಗ ಹೆಚ್ಚಿನವರು ಅಗಾಥೋಕ್ಸಿಲಾನ್ ಅಂತ ಬರೆಯುತ್ತಾರೆ.

ಈ ಕುಲನಾಮಗಳ ಅಡಿಯಲ್ಲಿ ಜಾತಿಗಳು ನೂರಾರು. ಬದುಕಿರುವ ಇಡೀ ಅರಾಕೇರಿಯಾ ಕುಟುಂಬದಲ್ಲಿ ಇರುವುದು ನಲವತ್ತರ ಆಸುಪಾಸಿನ ಜಾತಿಗಳು. ಅವುಗಳ ಕಟ್ಟಿಗೆಯನ್ನು ತಂದು ಮುಂದಿಟ್ಟರೆ ಅರಾಕೇರಿಯಾ ಯಾವುದು, ಅದೇ ಕುಟುಂಬದ ಇನ್ನೊಂದು ಕುಲ ಅಗಾಥಿಸ್ ಯಾವುದು ಅಂತ ಬೇರೆ ಮಾಡುವುದೇ ತ್ರಾಸ. 1994ರಲ್ಲಿ ಆಸ್ಟ್ರೇಲಿಯಾದ ಕಣಿವೆಯೊಂದರಲ್ಲಿ ಸಿಕ್ಕ ವೊಲೆಮಿ ಪೈನ್ ಕೂಡ ಇದೇ ಬಗೆಯ ಕಟ್ಟಿಗೆಯದು. ಬದುಕಿರುವ ಮರದಲ್ಲಿ ಕುಲವನ್ನೇ ಬೇರೆ ಮಾಡಲು ತಿಣುಕುವಾಗ, ಕಲ್ಲಾದ ಚೂರಿನಲ್ಲಿ ಜಾತಿಯನ್ನು ಖಚಿತವಾಗಿ ಹೇಳುತ್ತೇವೆ ಅಂದರೆ ನಂಬುವುದು ಹೇಗೆ? ಅದರಲ್ಲೂ ಆ ಚೂರು ಅರಾಕೇರಿಯಾದ್ದೋ, ಕಾರ್ಡೈಟಿಸ್‌ದೋ, ಗ್ಲಾಸಾಪ್ಟೆರಿಸ್‌ದೋ ಅನ್ನುವುದೇ ಬರೀ ಕಟ್ಟಿಗೆಯಿಂದ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಇದರ ಅರ್ಥ ಹೆಸರುಗಳೆಲ್ಲ ಸುಳ್ಳು ಅಂತಲ್ಲ. ಪಳೆಯುಳಿಕೆಯ ಹೆಸರು ಇಡೀ ಗಿಡದ ಹೆಸರಾಗಬೇಕಿಲ್ಲ. ಎಲೆಗೊಂದು, ಕಾಂಡಕ್ಕೊಂದು, ಬೀಜಕ್ಕೊಂದು ಹೆಸರಿಡಲು ಸಸ್ಯನಾಮಕರಣದ ನಿಯಮವೇ ಜಾಗ ಕೊಡುತ್ತದೆ. 'ಅಗಾಥೋಕ್ಸಿಲಾನ್' ಎಂದರೆ ಇಂಥ ರಚನೆಯ ಕಟ್ಟಿಗೆ, ಅಷ್ಟೇ. ತೊಂದರೆ ಬರುವುದು ಅದನ್ನೇ ಮರದ ಜಾತಿ ಎಂದು ಓದಿಕೊಂಡು, ಇಲ್ಲಿ ಇಪ್ಪತ್ತು ಹೆಸರಿದೆ, ಹಾಗಾಗಿ ಇಪ್ಪತ್ತು ಬಗೆಯ ಮರಗಳ ಕಾಡಿತ್ತು ಅಂತ ಲೆಕ್ಕ ಹಾಕಿದಾಗ.

ಕಟ್ಟಿಗೆಗೂ ಎಲೆಗೂ ಬೇರೆ ಹೆಸರಿದ್ದರೆ ಎಂಥ ಪೇಚಾಟ ಆಗಬಹುದು ಅನ್ನುವುದಕ್ಕೆ ಕ್ಯಾಲಿಕ್ಸಿಲಾನ್ ಒಳ್ಳೆಯ ಸಾಕ್ಷಿ. ಡಿವೋನಿಯನ್ ಕಾಲದ ಈ ಕಟ್ಟಿಗೆಗೆ 1911ರಲ್ಲಿ ಜಲೆಸ್ಕಿ ಹೆಸರಿಟ್ಟರು. ಅದರ ಗುರುತು ಸ್ಪಷ್ಟ: ರೇಡಿಯಲ್ ಗೋಡೆಯ ಮೇಲೆ ಪಿಟ್‌ಗಳು ಗುಂಪು ಗುಂಪಾಗಿ, ಗುಂಪುಗಳ ನಡುವೆ ಖಾಲಿ ಜಾಗ. ಪಕ್ಕಪಕ್ಕದ ಟ್ರಾಕೀಡ್‌ಗಳಲ್ಲಿ ಈ ಗುಂಪುಗಳು ಒಂದೇ ಮಟ್ಟದಲ್ಲಿರುವುದರಿಂದ ಅಡ್ಡಕ್ಕೆ ಪಟ್ಟೆಗಳಂತೆ ಕಾಣುತ್ತವೆ. ಉಳಿದ ವಿಷಯದಲ್ಲಿ ಅದು ಕೋನಿಫರ್ ಕಟ್ಟಿಗೆಯೇ. ಹಾಗಾಗಿ ಅದನ್ನು ಬೀಜ ಬಿಡುವ ಮರಗಳ ಪಾಲಿಗೆ ಸೇರಿಸಿದ್ದರು. ಅದೇ ಕಾಲದ ಪದರಗಳಲ್ಲಿ ಆರ್ಕಿಯಾಪ್ಟೆರಿಸ್ ಎಂಬ ಎಲೆ ಸಿಗುತ್ತಿತ್ತು. ಹೆಸರು ಕೊಟ್ಟವರು ಅದೇ ಡಾಸನ್, 1871ರಲ್ಲಿ. ಅದು ಬೀಜದ ಬದಲು ಬೀಜಕ (ಸ್ಪೋರ್) ಬಿಡುವ ಎಲೆ, ಆದ್ದರಿಂದ ಜರೀಗಿಡ ಅಂತ ಎಲ್ಲರೂ ತಿಳಿದಿದ್ದರು. 1960ರಲ್ಲಿ ಚಾರ್ಲ್ಸ್ ಬೆಕ್ ಒಂದು ಮಾದರಿಯನ್ನು ತೋರಿಸಿದರು. ಆರ್ಕಿಯಾಪ್ಟೆರಿಸ್ ಎಲೆ ಕ್ಯಾಲಿಕ್ಸಿಲಾನ್ ಕಾಂಡಕ್ಕೆ ಅಂಟಿಕೊಂಡೇ ಇತ್ತು. ಎರಡು ಬೇರೆ ಬೇರೆ ಬಳಗಗಳಲ್ಲಿ ಕೂತಿದ್ದದ್ದು ಒಂದೇ ಮರ! ಕೋನಿಫರ್ ಕಟ್ಟಿಗೆ, ಜರೀಗಿಡದ ಹಾಗೆ ಬೀಜಕ. ಇಂಥವಕ್ಕಾಗಿ ಪ್ರೋಜಿಮ್ನೋಸ್ಪರ್ಮ್ ಎಂಬ ಹೊಸ ಗುಂಪನ್ನೇ ಮಾಡಬೇಕಾಯಿತು.

ಹಾಗಾದರೆ ಗುರುತಿಸುವುದು ಹೇಗೆ

ಮೊದಲು ಸಿಕ್ಕ ಚೂರು ಮರದ ಯಾವ ಭಾಗದ್ದು ಅಂತ ಕೇಳಬೇಕು. ಉಂಗುರದ ಗೆರೆ ಹೆಚ್ಚು ಬಾಗಿದ್ದರೆ ತಿರುಳು ಹತ್ತಿರದಲ್ಲೇ ಇತ್ತು, ಅಥವಾ ಅದು ಸಣ್ಣ ರೆಂಬೆ. ಹೆಚ್ಚುಕಮ್ಮಿ ನೇರ ಇದ್ದರೆ ದಪ್ಪ ಕಾಂಡದ ಹೊರಭಾಗ. ರೇಗಳು ಒಂದಕ್ಕೊಂದು ಓರೆಯಾಗಿ ಹರಡಿವೆಯೋ, ಸಮಾನಾಂತರವಾಗಿ ಹೋಗುತ್ತಿವೆಯೋ ಎನ್ನುವುದೂ ಇದನ್ನೇ ಹೇಳುತ್ತದೆ. ಹೋಲಿಸುವುದಾದರೆ ಕಾಂಡದ ಹೊರಭಾಗವನ್ನು ಕಾಂಡದ ಹೊರಭಾಗದ ಜೊತೆಗೇ ಹೋಲಿಸಬೇಕು.

ಆಮೇಲೆ ಯಾವ ಗುಣ ಗಟ್ಟಿ, ಯಾವುದು ಸಡಿಲ ಅಂತ ಬೇರೆ ಮಾಡಬೇಕು. ಮರದ ಯಾವ ಭಾಗದಲ್ಲಿ ನೋಡಿದರೂ ಅಷ್ಟಾಗಿ ಬದಲಾಗದ ಗುಣಗಳಿವೆ: ಮಾಮೂಲಿ ರಾಳದ ನಾಳ ಇದೆಯೇ, ಕ್ರಾಸ್‌ಫೀಲ್ಡ್ ಪಿಟ್ ಯಾವ ಬಗೆ, ರೇ ಕೋಶದ ಗೋಡೆ ನುಣುಪೋ ಪಿಟ್ ಇರುವುದೋ, ಪಿಟ್‌ಗಳು ಒತ್ತಿಕೊಂಡಿವೆಯೋ ಬಿಡಿಯಾಗಿವೆಯೋ. ಕುಲ ಗುರುತಿಸಲು ಇವು ಸಾಕು. ಟ್ರಾಕೀಡ್ ಅಗಲ, ಪಿಟ್ ಸಾಲು, ರೇ ಎತ್ತರ, ಉಂಗುರದ ಅಗಲ ಇವು ಸಡಿಲ. ಇವನ್ನು ಬಿಸಾಡಬೇಕಿಲ್ಲ, ಆದರೆ ಒಂದೆರಡು ಅಳತೆಯಿಂದ ಏನೂ ಹೇಳಬಾರದು. ಐವತ್ತೋ ನೂರೋ ಕೋಶ ಅಳೆದು ಸರಾಸರಿಯ ಜೊತೆ ಹರವನ್ನೂ ಬರೆಯಬೇಕು. ಎರಡು ಮಾದರಿಗಳ ಹರವು ಒಂದರ ಮೇಲೊಂದು ಬಿದ್ದರೆ, ಅವನ್ನು ಎರಡು ಜಾತಿ ಅನ್ನಲು ಬೇರೆ ಪುರಾವೆ ಬೇಕು. 'ಮಿಶ್ರ' ಎಂಬ ಅಸ್ಪಷ್ಟ ಮಾತಿನ ಬದಲು ನೂರರಲ್ಲಿ ಎಷ್ಟು ಪಿಟ್‌ಗಳು ಪಕ್ಕದ್ದಕ್ಕೆ ತಾಗಿವೆ ಅಂತ ಶೇಕಡಾವಾರು ಕೊಡುವ ಪದ್ಧತಿಯೂ ಈಗ ಬಂದಿದೆ. ನನಗೆ ಇದು ಬಹಳ ಒಳ್ಳೆಯ ಬದಲಾವಣೆ ಅನ್ನಿಸುತ್ತದೆ. ಹೇಳಿದ್ದನ್ನು ಇನ್ನೊಬ್ಬರು ಎಣಿಸಿ ಪರೀಕ್ಷಿಸಬಹುದಲ್ಲ.

ಒಂದೇ ಪದರದಲ್ಲಿ ಹತ್ತಾರು ದಿಮ್ಮಿ ಸಿಕ್ಕರೆ ಎಲ್ಲವನ್ನೂ ಕೊಯ್ಯಬೇಕು. ಒಂದೇ ಚೂರು ನೋಡಿದಾಗ ಎದ್ದು ಕಾಣುವ ವಿಶೇಷ, ಮೂವತ್ತು ದಿಮ್ಮಿ ನೋಡಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸಲೀಸಾಗಿ ಜಾರುವ ಇಳಿಜಾರಿನ ಒಂದು ಬಿಂದು ಆಗಿರಬಹುದು. ನಡುವೆ ನಿಜವಾದ ಕಂದಕ ಕಂಡರೆ ಆಗ ಎರಡು ಜಾತಿಯ ಮಾತಾಡಬಹುದು.

ತಿರುಳು ಉಳಿದಿದ್ದರೆ ಅದೇ ಚಿನ್ನ. ಕಾರ್ಡೈಟಿಸ್‌ನ ತಿರುಳಿನಲ್ಲಿ ಅಡ್ಡ ತೆರೆಗಳು ಒಂದರ ಮೇಲೊಂದು ಇರುತ್ತವೆ. ಪಿಟಸ್‌ನ ತಿರುಳಿನ ಅಂಚಿನಲ್ಲಿ ಮೊದಲ ಕಟ್ಟಿಗೆಯ ಸಣ್ಣ ಎಳೆಗಳು ಬಿಡಿಬಿಡಿಯಾಗಿ ಕೂತಿರುತ್ತವೆ. ಗ್ಲಾಸಾಪ್ಟೆರಿಸ್ ಬೇರಿಗೆ ವರ್ಟಿಬ್ರೇರಿಯಾ ಎಂಬ ಹೆಸರಿದ್ದು, ಅದರ ಕಟ್ಟಿಗೆ ತುಂಡು ತುಂಡಾಗಿ, ನಡುನಡುವೆ ಖಾಲಿ ಬಿಟ್ಟು ಬೆಳೆಯುತ್ತದೆ. ಹೊರಗಿನ ಕಟ್ಟಿಗೆ ಎಲ್ಲರದ್ದೂ ಒಂದೇ ಥರ ಇದ್ದಾಗ, ಬಳಗ ಯಾವುದು ಅನ್ನುವ ಗುಟ್ಟು ಇಂಥ ಒಳಜಾಗಗಳಲ್ಲಿ ಸಿಗುತ್ತದೆ. ಅದೇ ಪದರದ ಎಲೆ, ಕಾಯಿ, ಪರಾಗವನ್ನೂ ಜೊತೆಗಿಟ್ಟು ನೋಡಬೇಕು. ಜೊತೆಗೆ ಸಿಕ್ಕಿದ್ದು ಮಾತ್ರಕ್ಕೆ ಒಂದೇ ಮರದ್ದು ಅನ್ನುವಂತಿಲ್ಲ, ಬೆಕ್ ತೋರಿಸಿದ ಹಾಗೆ ಅಂಟಿಕೊಂಡೇ ಸಿಗುವುದು ಅಪರೂಪ. ಆದರೂ ಒಂದು ಪದರದಲ್ಲಿ ಬರೀ ಗ್ಲಾಸಾಪ್ಟೆರಿಸ್ ಎಲೆಗಳೇ ತುಂಬಿದ್ದು, ಕಟ್ಟಿಗೆಗೆ ಅರಾಕೇರಿಯಾ ಮರ ಎಂದು ಹೆಸರಿಟ್ಟಿದ್ದರೆ ಯಾರಾದರೂ ಕೇಳಲೇಬೇಕು.

ಇಷ್ಟೆಲ್ಲ ಮಾಡಿಯೂ ಜಾತಿ ತೀರ್ಮಾನ ಆಗದಿದ್ದರೆ, ಕುಲದ ಹೆಸರು ಬರೆದು ಮುಂದೆ 'ಎಸ್‌ಪಿ.' ಎಂದು ಬಿಡುತ್ತಾರೆ: ಕುಲ ಇದು, ಜಾತಿ ತೀರ್ಮಾನಿಸಿಲ್ಲ. ಮೊದಲೇ ವಿವರಿಸಿದ ಜಾತಿಯೊಂದನ್ನು ಹೋಲುತ್ತಿದ್ದು, ಖಾತ್ರಿ ಇಲ್ಲದಿದ್ದರೆ ನಡುವೆ 'ಸಿಎಫ್.' ಸೇರಿಸುತ್ತಾರೆ. ವಸ್ತುಸಂಗ್ರಹಾಲಯದ ಚೀಟಿಯ ಮೇಲೆ 'ಅಗಾಥೋಕ್ಸಿಲಾನ್ ಎಸ್‌ಪಿ.' ಅಂತ ಕಂಡಾಗ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಅನ್ನಿಸಬಹುದು. ಅಂಗೈಯಗಲದ ಚೂರಿನ ಮೇಲೆ ಉದ್ದುದ್ದ ಜಾತಿನಾಮ ಕಂಡರೆ, ಎಷ್ಟು ಕೋಶ ಅಳೆದರು, ಮರದ ಯಾವ ಭಾಗದಲ್ಲಿ ಅಳೆದರು, ಮೂಲ ಮಾದರಿಯನ್ನು ಯಾರಾದರೂ ಮತ್ತೆ ನೋಡಿದ್ದಾರೆಯೇ ಅಂತ ವಿಚಾರಿಸುವುದು ಒಳ್ಳೆಯದು.